ಯಾರ ಮಗ್ಗ ಮೊದಲು

ಸಭೆಗೆ ಇನ್ನು ಎರಡೇ ದಿನ. ಪ್ರಣವ್‌ನ ಕೆಲಸ ಮುಗಿದು ಎರಡು ವಾರವಾಗಿತ್ತು. ನಿವೇತಾಳ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಚುಕ್ಕಿಗಳು ಇನ್ನೂ ಓಡುತ್ತಲೇ ಇದ್ದವು.

ಇಬ್ಬರೂ ಕೊಯಮತ್ತೂರಿನ ಒಂದು ಕಾಲೇಜಿನ ಸಂಶೋಧನಾ ವಿದ್ಯಾರ್ಥಿಗಳು. ಸೋಮನೂರಿನ ಇಪ್ಪತ್ತಾರು ಪವರ್‌ಲೂಮ್ ಶೆಡ್ಡುಗಳವರು ಸೇರಿ ಒಂದು ಪ್ರಶ್ನೆ ಕಳಿಸಿದ್ದರು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಹಾಯಿಸಿದ ನೂಲು, ಮುಗಿದರೆ ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಗಂಟು ಹಾಕಬೇಕು. ಮೂರು ನಾಲ್ಕು ಸಾವಿರ ಎಳೆ. ಆ ಕೆಲಸಕ್ಕೆ ಊರಲ್ಲಿ ಇರುವುದು ನಾಲ್ವರೇ ಹೆಂಗಸರು. ಅವರು ಬಂದು ಮುಗಿಸುವವರೆಗೆ ಮಗ್ಗ ನಿಂತೇ ಇರುತ್ತದೆ. ಎಲ್ಲರೂ ಸೇರಿ ಗಂಟು ಹಾಕುವ ಯಂತ್ರ ತಂದುಬಿಟ್ಟರೆ ಹೇಗೆ? ಕಾಲೇಜಿಗೂ ಇದು ಅನುಕೂಲವೇ ಆಯಿತು. ಇಂಥ ಗೋಜಲನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಲು ಎರಡು ಬಗೆಯ ಸಾಫ್ಟ್‌ವೇರ್ ಇವೆ, ಯಾವುದು ವಾಸಿ ಎಂದು ಹೋಲಿಸಿ ನೋಡಬಹುದಲ್ಲ! ಒಂದು ಪ್ರಣವ್‌ಗೆ, ಇನ್ನೊಂದು ನಿವೇತಾಳಿಗೆ.

ಆ ನಾಲ್ವರ ಮುಂದಾಳು ಜಾನಮ್ಮ, ನಿವೇತಾಳ ಅಪ್ಪನ ಅಕ್ಕ. ಇದನ್ನು ಅವಳು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

"ನಂದು ತೊಟ್ಟಿ ಕಣ್ರೀ," ಎಂದ ದಾವಣಗೆರೆಯ ಪ್ರಣವ್, ಕುರ್ಚಿ ತಿರುಗಿಸಿ ಕೂತು. "ಒಂದು ತೊಟ್ಟೀಲಿ ಓಡೋ ಮಗ್ಗ, ಇನ್ನೊಂದರಲ್ಲಿ ನಿಂತ ಮಗ್ಗ. ನಡುವೆ ಕೊಳವೆ. ರೆಪ್ಪೆ ಬಡಿಯೋದ್ರಲ್ಲಿ ಉತ್ತರ. ನಿಮ್ಮದು ಗಾಂಧಿಪುರಂ ಬಸ್ ಸ್ಟ್ಯಾಂಡು. ಒಬ್ಬೊಬ್ಬರೂ ಒಂದೊಂದು ಕಡೆ."

"ಬಸ್ ಸ್ಟ್ಯಾಂಡ್ ಆದ್ರೆ ಏನಂತೆ? ಯಾರು ಎಲ್ಲಿಗೆ ಹೋಗ್ತಾರೆ ಅಂತ ತೆರಿಯುತ್ತಲ್ಲ."

"ತೆರಿಯುತ್ತೆ! ತಿಳಿಯುತ್ತೆ ಅನ್ನೋದಕ್ಕೆ ಅದ್ಯಾವ ಕನ್ನಡಾನೋ."

"ನಮ್ಮನೆ ಕನ್ನಡ. ಹನ್ನೆರಡು ತಲೆಮಾರಿಂದ ಇದೇ. ನಿಮ್ದೇ ಹೊಸದು."

ತೊಟ್ಟಿಯ ಉತ್ತರ ಹೀಗಿತ್ತು: ನೂರೆಂಬತ್ತು ಮಗ್ಗಗಳಲ್ಲಿ ದಿನಕ್ಕೆ ಸರಾಸರಿ ಇಪ್ಪತ್ತೆರಡು ನಿಂತಿರುತ್ತವೆ, ಯಂತ್ರ ಬಂದರೆ ಒಂಬತ್ತು. ನಿವೇತಾಳ ಚುಕ್ಕಿಗಳಲ್ಲಿ ಪ್ರತಿ ಶೆಡ್ಡಿಗೂ ಒಂದು ಚುಕ್ಕಿ, ಪ್ರತಿ ಹೆಂಗಸಿಗೂ ಒಂದು. ಅವು ಆಡಿದ ಪ್ರಕಾರ ಯಂತ್ರವಿಲ್ಲದೆಯೇ ನಿಲ್ಲುವುದು ಹದಿನಾಲ್ಕೇ. ಯಂತ್ರದ ಅಗತ್ಯವೇ ಇಲ್ಲ ಎನ್ನುವಂತೆ. ಅದನ್ನು ಕಂಡಾಗ ಅವಳಿಗೆ ಖುಷಿಯಾಗಿತ್ತು. ಆ ಖುಷಿಯೇ ಈಗ ಅವಳನ್ನು ಕೂರಲು ಬಿಡುತ್ತಿರಲಿಲ್ಲ.

"ಶೆಡ್ಡಿನವರೇ ಬರೆದಿಟ್ಟ ಪಟ್ಟೀಲಿ ಇಪ್ಪತ್ತೆರಡರ ಆಸುಪಾಸು ಇದೆ," ಎಂದ ಪ್ರಣವ್. "ನಿಮ್ಮ ಚುಕ್ಕಿಗಳು ಯಾಕೋ ತುಂಬಾ ಒಳ್ಳೆಯವು. ಆ ಹೆಂಗಸರು ಮುಂದೆ ಯಾರ ಶೆಡ್ಡಿಗೆ ಹೋಗ್ತಾರೆ ಅಂತ ಬರೆದಿದ್ದೀರಾ?"

"ಮೊದಲು ಫೋನ್ ಮಾಡಿದವರ ಹತ್ರ."

"ಯಾರು ಹೇಳಿದ್ದು?"

ನಿವೇತಾ ಊಟದ ಡಬ್ಬಿಯ ಮುಚ್ಚಳ ಒತ್ತಿದಳು. ಅದು ಕೂರಲಿಲ್ಲ. ಮತ್ತೆ ಒತ್ತಿದಳು.

ಮಾರನೆಯ ಬೆಳಿಗ್ಗೆ ತಾನಿರುವ ಸೂಲೂರಿನಿಂದ ಮೊದಲ ಬಸ್ಸು ಹಿಡಿದು ಅವಳು ಸೋಮನೂರಿಗೆ ಹೋದಳು. ಜಾನಮ್ಮ ಮೊಪೆಡ್ ಹತ್ತಿ ಹೊರಡುವುದರಲ್ಲಿದ್ದಳು. ಇವಳೂ ಹಿಂದೆ ಕೂತಳು. ವೆಂಕಟಾಚಲಂ ಅವರದು ಇಪ್ಪತ್ತನಾಲ್ಕು ಮಗ್ಗದ ದೊಡ್ಡ ಶೆಡ್ಡು, ಅವರೇ ಶೆಡ್ಡುಗಳವರ ಸಂಘದ ಅಧ್ಯಕ್ಷರು. ಆ ಗೇಟಿನ ಮುಂದೆ ಮೊಪೆಡ್ ನಿಲ್ಲಲಿಲ್ಲ.

"ಅತ್ತೆ, ಅಲ್ಲಿ ಆರು ನಿಂತಿದೆಯಂತೆ. ನಿನ್ನೇನೇ ಫೋನ್ ಬಂದಿದೆಯಲ್ಲ?"

"ಬಂದಿದೆ, ಬಂದಿದೆ. ಆರು ನಿಂತ್ರೆ ಇನ್ನೂ ಹದಿನೆಂಟು ಓಡುತ್ತೆ ಅಮ್ಮಿಣಿ. ದೇವರಾಜನ್ ಹತ್ರ ಇರೋದು ಎರಡೇ ತರಿ. ಎರಡೂ ಮಗ್ಗ ನಿಂತುಬಿಟ್ಟಿದೆ. ಸತ್ತಂಗೆ ಆಗಿದೆ ಆ ಮನೆ."

"ಮತ್ತೆ ನನಗೆ ಹೇಳಿದ್ದು? ಮೊದ್ಲು ಕೂಗಿದವರಿಗೇ ಮೊದ್ಲು ಅಂದ್ಯಲ್ಲ!"

"ನೀನು ಪುಸ್ತಕ ಇಟ್ಕೊಂಡು ಬಂದು ಟೀಚರ್ ಮಾದ್ರಿ ಕೇಳ್ದೆ. ಹಂಗೆ ಕೇಳಿದ್ರೆ ಹಂಗೇ ತಾನೇ ಹೇಳೋದು? ಅದು ನ್ಯಾಯವಾಗಿ ಕೇಳ್ಸುತ್ತೆ."

"ವೆಂಕಟಾಚಲಂ ಅಣ್ಣ ಕೇಳಲ್ವಾ?"

"ಮೊಪೆಡ್ ಕೆಟ್ಟೋಯ್ತುಂಗ ಅಂತ ಮರ್ಯಾದೆಯಾಗೇ ಹೇಳ್ತೀನಿ. ವಯಸ್ಸಾಯ್ತುಂಗ ಅಂತೀನಿ. ಜಾನಮ್ಮ ಸೋಂಬೇರಿ ಅಂತಾರೆ, ಅಂದ್ಕೊಳ್ಳಲಿ. ನಾವು ನಾಲ್ಕೂ ಜನ ಹಿಂಗೇ."

ದೇವರಾಜನ್ ಶೆಡ್ಡಿನಲ್ಲಿ ಜಾನಮ್ಮ ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತಳು. ಎಳೆಗೆ ಎಳೆ ಸೇರುವುದು ಕಣ್ಣಿಗೆ ಕಾಣದಷ್ಟು ಬೇಗ. ನಿವೇತಾ ಮೂಲೆಯ ನೂಲಿನ ಮೂಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಹಳೆಯ ನಿಯಮ ಅಳಿಸಿ ಹೊಸದು ಬರೆದಳು: ಎಲ್ಲಾ ಮಗ್ಗವೂ ನಿಂತ ಶೆಡ್ಡಿಗೆ ಮೊದಲು. ಅವಳ ಸಾಫ್ಟ್‌ವೇರು ಒಂದೊಂದು ಸಲ ಒಂದೊಂದು ಉತ್ತರ ಹೇಳುವಂಥದ್ದು; ಇನ್ನೂರು ಸಲ ಓಡಿಸಿ ಸರಾಸರಿ ತೆಗೆಯಬೇಕು. ಅವಳು ಎದ್ದಳು, ಹೊರಗೆ ಹೋದಳು, ಮತ್ತೆ ಬಂದಳು. ಮಧ್ಯಾಹ್ನಕ್ಕೆ ಉತ್ತರ ಬಂತು. ಇಪ್ಪತ್ತಮೂರು.

ಹದಿನಾಲ್ಕಾಗಿದ್ದದ್ದು ಇಪ್ಪತ್ತಮೂರು! ಈಗ ಪಟ್ಟಿಗೆ ಸರಿಯಾಗಿ ಹೊಂದಿತು. ಹೊಂದಿದ್ದರಿಂದಲೇ ಅತ್ತೆಯ ಕೆಲಸ ಹೋಗುವಂತಾಯಿತು. ದೊಡ್ಡ ಶೆಡ್ಡುಗಳಲ್ಲಿ ಮಗ್ಗ ಕಾಯುತ್ತಿದ್ದದ್ದು ಹೆಂಗಸರ ನಿಧಾನದಿಂದಲ್ಲ, ಅವರ ಆಯ್ಕೆಯಿಂದ; ಒಂದೆರಡು ಮಗ್ಗಕ್ಕಾಗಿ ಊರು ಸುತ್ತುವಾಗ ಹೊತ್ತು ದಾರಿಯಲ್ಲೇ ಹೋಗುತ್ತಿತ್ತು.

ಆದರೆ ಅವಳು ಇನ್ನೊಂದು ಲೆಕ್ಕವನ್ನೂ ಕೇಳಿದಳು. ಪೂರ್ತಿ ಸದ್ದಡಗಿ ಎರಡು ದಿನ ಮೀರಿದ ಶೆಡ್ಡುಗಳು ವಾರಕ್ಕೆಷ್ಟು? ಈ ಹೆಂಗಸರಿದ್ದರೆ ಒಂದೂ ಇಲ್ಲ. ಯಂತ್ರವಾದರೆ ನಾಲ್ಕು. ಯಂತ್ರವನ್ನು ಹೊತ್ತು ತಂದು ಹೂಡುವುದೇ ಒಂದು ಕೆಲಸ, ಹಾಗಾಗಿ ಅದು ಹೆಚ್ಚು ಮಗ್ಗ ಕಾಯುವ ಕಡೆಗೇ ಮೊದಲು ಹೋಗುತ್ತದೆ. ಪ್ರಣವ್‌ಗೆ ಫೋನ್ ಮಾಡಿದಳು. ಜಾನಮ್ಮ ತನ್ನ ಸೋದರತ್ತೆ ಎಂಬುದನ್ನೂ ಅವನಿಗೆ ಹೇಳಿದಳು.

ಪ್ರಣವ್ ಹೇಳಿದ, "ಅದನ್ನ ನನ್ನ ತೊಟ್ಟಿ ಹೇಳಲ್ಲ ರೀ. ಅದಕ್ಕೆ ಶೆಡ್ಡು ಅನ್ನೋದೇ ಗೊತ್ತಿಲ್ಲ, ಬರೀ ಮಗ್ಗ ಗೊತ್ತು. ಆದ್ರೆ ಯೋಚನೆ ಮಾಡಿ. ನಾಳೆ ಇದನ್ನ ತೋರಿಸಿದ್ರೆ ನಿಮ್ಮತ್ತೆ ಏನು ಮಾಡ್ತಾರೆ ಅನ್ನೋದೂ ತೋರಿಸಿದ ಹಾಗೇ."

ಮುಚ್ಚಿಡುವುದಾದರೆ ಹದಿನಾಲ್ಕು ಎನ್ನಬೇಕು, ಅದು ಸುಳ್ಳು. ತೊಟ್ಟಿಯನ್ನಷ್ಟೇ ತೋರಿಸಿದರೆ ಯಂತ್ರ ಬಂದೇ ಬರುತ್ತದೆ. ಶನಿವಾರ ಸಭೆಗೆ ಹೋಗುವ ಬಸ್ಸಿನಲ್ಲಿ ಅವಳು ಮೂರು ಸಲ ಸೀಟು ಬದಲಿಸಿದಳು.

ಸಭೆ ತಮಿಳಿನಲ್ಲೇ ನಡೆಯಿತು. ಬಿಸಿಯೇರಿದಾಗ ಮಾತ್ರ ಕೆಲವರ ಮನೆಯ ಕನ್ನಡ ಹೊರಬರುತ್ತಿತ್ತು. ಜಾನಮ್ಮ ತನ್ನ ಮೂವರ ಜೊತೆ ಬಾಗಿಲ ಬಳಿ ನಿಂತಿದ್ದಳು. ಪ್ರಣವ್ ತೊಟ್ಟಿ ತೋರಿಸಿದ, ಎಲ್ಲರೂ ತಲೆಯಾಡಿಸಿದರು. ನಿವೇತಾ ಎದ್ದು ನಿಂತಳು. ಜಾನಮ್ಮ ತನ್ನ ಸೋದರತ್ತೆ ಎಂದು ಮೊದಲೇ ಹೇಳಿದಳು. ಆಮೇಲೆ ಚುಕ್ಕಿಗಳನ್ನು ಎರಡು ಸಲ ಓಡಿಸಿದಳು, ಒಮ್ಮೆ ಹೆಂಗಸರೊಂದಿಗೆ, ಒಮ್ಮೆ ಯಂತ್ರದೊಂದಿಗೆ; ಮಗ್ಗ ನಿಂತ ಶೆಡ್ಡಿನ ಚುಕ್ಕಿ ಕೆಂಪಾಗುತ್ತಿತ್ತು. ಎಲ್ಲರಿಗೂ ತಮ್ಮ ಚುಕ್ಕಿ ಯಾವುದೆಂದು ಹುಡುಕುವ ಆತುರ.

"ನಂದು ಯಾಕೆ ಇಷ್ಟೊತ್ತು ಕೆಂಪಗಿದೆ?" ವೆಂಕಟಾಚಲಂ ಕೇಳಿದರು.

"ನಿಮ್ಮ ಶೆಡ್ಡಿಗೆ ಕೊನೆಗೆ ಬರ್ತಾರೆ, ಅಣ್ಣ."

ಅವರು ನಿಧಾನವಾಗಿ ಬಾಗಿಲ ಕಡೆ ತಿರುಗಿದರು. "ಜಾನಮ್ಮಾ! ಹಂಗಾದ್ರೆ ಮೊಪೆಡ್ ಕೆಟ್ಟಿಲ್ಲ?"

"ಕೆಡುತ್ತುಂಗ, ಒಂದೊಂದ್ ಸಲ," ಎಂದಳು ಜಾನಮ್ಮ. ಹಿಂದಿನ ಸಾಲಿನಿಂದ ನಗು ಎದ್ದಿತು. ವೆಂಕಟಾಚಲಂ ನಗಲಿಲ್ಲ.

"ಯಂತ್ರ ತರೋಣ. ನನಗೆ ಇನ್ನೇನೂ ನೋಡೋದು ಬೇಡ."

"ತನ್ನಿ," ದೇವರಾಜನ್ ಎದ್ದು ನಿಂತರು. ಪರದೆಯ ಮೂಲೆಯ ಪುಟ್ಟ ಚುಕ್ಕಿಗೆ ಬೆರಳು ತೋರಿದರು. "ಯಂತ್ರ ಬಂದ್ರೆ ಇದು ಮೂರು ದಿನ ಕೆಂಪು. ನಾನು ಇದರಲ್ಲಿ ಸೇರಲ್ಲ. ನಂಗೆ ಜಾನಮ್ಮ ಅಕ್ಕ ಸಾಕು."

ಒಬ್ಬೊಬ್ಬರಾಗಿ ಚಿಕ್ಕ ಶೆಡ್ಡುಗಳವರು ಕೈಯೆತ್ತಿದರು. ಒಂಬತ್ತು ಕೈ. ಉಳಿದ ಹದಿನೇಳು ಶೆಡ್ಡುಗಳು ಯಂತ್ರಕ್ಕೆ.

ಹೊರಗೆ ಜಾನಮ್ಮ ಮೊಪೆಡ್ಡಿನ ಪಕ್ಕ ನಿಂತು ಬೆರಳು ಮಡಿಸಿ ಎಣಿಸುತ್ತಿದ್ದಳು. ನಿವೇತಾ ಓಡಿ ಬಂದಳು. "ಅತ್ತೆ, ಕೋಪನಾ?"

"ಕೋಪ ಏನು? ಇಪ್ಪತ್ತು ವರ್ಷ ಒಬ್ಬರಿಗೂ ತೆರಿಯದಂಗೆ ಮಾಡ್ಕೊಂಡು ಬಂದೆ. ನೀನು ಗೋಡೆ ಮೇಲೆ ಹಾಕ್ಬಿಟ್ಟೆ." ಮೊಪೆಡ್ ಸ್ಟಾರ್ಟ್ ಮಾಡಿದಳು. "ಒಂಬತ್ತು ಶೆಡ್ಡು ಇಬ್ಬರಿಗೆ ಸಾಕು."

"ಇನ್ನಿಬ್ಬರಿಗೆ?"

"ಒಬ್ಬಳು ತಾನೇ ಬಿಡ್ತೀನಿ ಅಂದಳು. ಇನ್ನೊಬ್ಬಳು ಯಾರು ಅಂತ ನಿನ್ನ ಕಂಪ್ಯೂಟರ್ ಡಬ್ಬದಲ್ಲಿ ಹಾಕಿ ನೋಡು. ಸೆಲ್ವಿನ ನಿಲ್ಲಿಸ್ಲಾ, ನಾಚಿಯಮ್ಮನ್ನ ನಿಲ್ಲಿಸ್ಲಾ? ಸೋಮವಾರದೊಳಗೆ ಹೇಳು. ನನ್ನ ಬಾಯಲ್ಲಿ ಬರಲ್ಲ."

ಸೆಲ್ವಿ, ನಾಚಿಯಮ್ಮ ಇಬ್ಬರೂ ಬಾಗಿಲಲ್ಲೇ ನಿಂತು ಇತ್ತ ನೋಡುತ್ತಿದ್ದರು. ನಿವೇತಾ ಅವರ ಕಡೆಗೆ ನಡೆದಳು. ಡಬ್ಬ ತೆರೆಯುವ ಮೊದಲು ಅವರನ್ನೇ ಕೇಳಬೇಕಿತ್ತು.