ನನ್ನ ಕಾಲಿನ ಬಲ

ಎಪ್ಪತ್ತಾರನೆಯ ಇಸವಿಯಲ್ಲಿ ನಾನು ದುಮ್ಮವಾಡದ ತವರಿಗೆ ಹೇಳಿ ಕಳಿಸಿಬಿಟ್ಟೆ: ಈ ಸಲ ಪಂಚಮಿಗೆ ನನ್ನನ್ನು ಕರೆಯಲು ಯಾರೂ ಬರಬೇಡಿ, ನಾನೇ ಕಾರು ಹೊಡೆದುಕೊಂಡು ಬರುತ್ತೇನೆ. ಪಂಚಮಿ ಹಬ್ಬಕ್ಕೆ ಹೆಣ್ಣುಮಗಳು ತವರಿಗೆ ಹೋಗಬೇಕಾದರೆ ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ಕರೆಯದೆ ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. ಪ್ರತಿ ವರ್ಷ ಗಂಟು ಕಟ್ಟಿಕೊಂಡು ಶಲವಡಿಯ ಗಂಡನ ಮನೆಯ ಕಟ್ಟೆಯ ಮೇಲೆ ಕೂತು ತಮ್ಮ ಹೊಳೆಪ್ಪನ ದಾರಿ ಕಾಯುವುದು ನನಗೆ ಸಾಕಾಗಿತ್ತು. ಅವನ ಎಮ್ಮೆ ಈದರೆ ನನ್ನ ಹಬ್ಬ ಮುಂದಕ್ಕೆ ಹೋಗುತ್ತಿತ್ತು.

ಕಾರೇನೋ ಮನೆಯಲ್ಲೇ ಇತ್ತು. ನಮ್ಮ ಯಜಮಾನರು ಈರಬಸಪ್ಪ (ಬರೆಯುವಾಗ ಗಂಡನ ಹೆಸರು ಹೇಳಿದರೆ ದೋಷವಿಲ್ಲ) ಹತ್ತಿ ವ್ಯಾಪಾರ ಕೈಹಿಡಿದ ವರ್ಷ ಹಳೆಯ ಕರೀ ಕಾರೊಂದನ್ನು ತಂದಿದ್ದರು. ಕಲಿಸಲು ಒಪ್ಪಿದರು. ಗೇರು, ಕ್ಲಚ್ಚು ಎಲ್ಲ ಕೈಗೆ ಹತ್ತಿದವು. ನಿಲ್ಲಿಸುವುದೊಂದು ಬರಲಿಲ್ಲ.

"ಬ್ರೇಕು ಮೆಲ್ಲಕ ಒಮ್ಮೆ ತುಳೀಬೇಕು. ಎತ್ತು ಒದ್ದಂಗ ಒದೀಬಾರದು," ಎಂದು ಅವರು ಹೇಳಿದ್ದನ್ನೇ ಮಾಡಿದೆ. ಕಾರು ಸೀದಾ ಹೋಗಿ ಕಣದಲ್ಲಿದ್ದ ಜೋಳದ ಕಣಕಿಯ ಬಣವೆಗೆ ತಲೆ ತುರುಕಿತು. ಮರುದಿನವೂ ಅದೇ ಬಣವೆ. ನೋಡಲು ನೆರೆದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೆಂಗಸರ ಕಾಲಾಗ ಬಲ ಇರೂದಿಲ್ಲ ಬಿಡು," ಎಂದರು ಯಜಮಾನರು, ತಲೆಗೆ ಸುತ್ತಿದ ಪಟಗದ ಮೇಲಿನ ಕಣಕಿ ಝಾಡಿಸಿಕೊಳ್ಳುತ್ತ. "ಹೊಳೆಪ್ಪಗ ಬಾ ಅಂತ ಹೇಳಿ ಕಳಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ತುಂಬಿದ ಕೊಡ ಹೊತ್ತು ಕೆರೆಯ ಏರಿ ಹತ್ತಿದ ಕಾಲು ಇದು. ಕಾರಿನಲ್ಲಿ ಕೂತ ಕೂಡಲೇ ಅದರ ಬಲ ಎಲ್ಲಿಗೆ ಓಡಿಹೋಯಿತು? ಹೊಳೆಪ್ಪ ಬಂದು ಕರೆದೊಯ್ದರೆ ಮುಗಿಯಿತು, ತವರಿನಲ್ಲಿ ನನ್ನ ಮಾತಿಗೆ ಬೆಲೆ ಉಳಿಯುವುದಿಲ್ಲ. ಕಾರಿನ ಬೀಗದ ಕೈಯಂತೂ ಮತ್ತೆ ನನಗೆ ಸಿಗುವುದಿಲ್ಲ.

ಮರುದಿನ ಅವರು ಹೊಲಕ್ಕೆ ಹೊರಟಾಗ ನಾನೂ ಪಕ್ಕದಲ್ಲಿ ಕೂತೆ. ರಸ್ತೆ ನೋಡಲಿಲ್ಲ, ಅವರ ಕಾಲನ್ನೇ ನೋಡಿದೆ. ಒಂದು ಎಮ್ಮೆ ಅಡ್ಡ ಬಂತು. ಅವರ ಕಾಲು ದಡ ದಡ ದಡ ಎಂದು ತುಳಿಯಿತು, ಕಾರು ನಿಂತಿತು.

"ಎಷ್ಟು ಸಲ ತುಳದ್ರಿ?" ಎಂದೆ.

"ಒಮ್ಮೆ. ನಿನಗ ಎಷ್ಟರೆ ಹೇಳ್ಬೇಕು?"

ಸುಳ್ಳು ಹೇಳುವ ಮನುಷ್ಯರಲ್ಲ. ಅವರ ಕಾಲು ಏನು ಮಾಡುತ್ತಿದೆ ಎಂಬುದು ಅವರಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಅವರು ಉಂಡು ಮಲಗಿದಾಗ ಅಂಗಳದಲ್ಲಿ ನಿಂತ ಕಾರಿನೊಳಗೆ ಹೋಗಿ ಕೂತೆ. ಎಂಜಿನ್ ಶುರು ಮಾಡದೆ ಪೆಡಲನ್ನು ಮೆಲ್ಲಗೆ ತುಳಿದೆ. ಅದು ಇಳಿದು ಇಳಿದು ತಳಕ್ಕೇ ಹತ್ತಿತು. ದಡಬಡ ತುಳಿದೆ. ಅರ್ಧಕ್ಕೆ ಗಟ್ಟಿಯಾಗಿ ನಿಂತಿತು. ಕಾಲು ಎತ್ತದೆ ಹಾಗೇ ಹಿಡಿದರೆ ಮತ್ತೆ ನಿಧಾನವಾಗಿ ಮುಳುಗಿತು.

ಈ ಆಟ ನನಗೆ ಹೊಸದಲ್ಲ. ಸೀಮೆಎಣ್ಣೆ ಸ್ಟೋವಿನ ಪಂಪಿನಲ್ಲಿ ವಾಷರ್ ಸವೆದಾಗ ಹೀಗೇ ಆಗುತ್ತದೆ. ನಿಧಾನ ಒತ್ತಿದರೆ ಗಾಳಿ ಅಂಚಿನಿಂದ ನುಸುಳಿ ಹಿಂದಕ್ಕೆ ಬರುತ್ತದೆ, ಬಿರುಸಾಗಿ ಹೊಡೆದರೆ ಅಷ್ಟಿಷ್ಟು ಒಳಗೆ ಹೋಗುತ್ತದೆ. ಸೆರಗು ಸಿಕ್ಕಿಸಿ ಕಾರಿನಡಿ ಬಗ್ಗಿ ನೋಡಿದೆ. ಗಾಲಿಗಳ ಒಳಮೈ ಒಣಗಿತ್ತು, ಎಲ್ಲೂ ಬ್ರೇಕಿನ ಎಣ್ಣೆ ಸೋರಿರಲಿಲ್ಲ. ಹಾಗಾದರೆ ರೋಗ ಬ್ರೇಕಿನ ಪಂಪಿನ ಒಳಗೇ ಇದೆ.

ಯಜಮಾನರನ್ನು ಎಬ್ಬಿಸಿ ಕರೆತಂದೆ. "ಒಮ್ಮೆ ತುಳದು ಹಂಗೇ ಹಿಡೀರಿ. ಪೆಡಲು ನಿಂತರ ನಾ ಸುಮ್ನ ಹೊಳೆಪ್ಪನ ಜೋಡಿ ಹೋಗ್ತೀನಿ."

ಆಕಳಿಸುತ್ತಲೇ ತುಳಿದರು. ಪೆಡಲು ಇಳಿಯುತ್ತ ಹೋದಂತೆ ಅವರ ಮುಖವೂ ಇಳಿಯಿತು. ಕಾಲು ತಾನಾಗಿಯೇ ಮೇಲೆದ್ದು ಇನ್ನೊಮ್ಮೆ ತುಳಿಯಲು ಹೊರಟಿತ್ತು. ನಾನು ಮೊಣಕಾಲು ಒತ್ತಿ ಹಿಡಿದೆ.

ಮರುದಿನ ಅಣ್ಣಿಗೇರಿಗೆ ಹೋದೆವು. ಗ್ಯಾರೇಜಿನ ಜಹೀರುದ್ದೀನ ನನ್ನ ಮಾತು ಕೇಳಿದ, ಬ್ರೇಕಿನ ಎಣ್ಣೆಯ ಡಬ್ಬಿಯೊಳಗೆ ಇಣುಕಿದ, ಪೆಡಲು ಒತ್ತಿ ಹಿಡಿದು ನೋಡಿದ.

"ಅಕ್ಕಾರು ಹೇಳಿದ್ದು ಬರೋಬ್ಬರಿ ಐತ್ರಿ. ಬ್ರೇಕಿನ ಪಂಪಿಗೆ ಮಾಸ್ಟರ್ ಸಿಲಿಂಡರ್ ಅಂತಾರ, ಅದರ ರಬ್ಬರ್ ಸವದೈತಿ."

ಹೊಸ ರಬ್ಬರ್ ಹಾಕಿದ ಮೇಲೆ ಕೊಳವೆಗಳಲ್ಲಿ ಸೇರಿದ ಗಾಳಿ ತೆಗೆಯಬೇಕಿತ್ತು. ಒಬ್ಬರು ಪೆಡಲು ತುಳಿದು ಹಿಡಿಯಬೇಕು, ಆಗ ಅವನು ಗಾಲಿಯ ಹತ್ತಿರದ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡುತ್ತಾನೆ. ತಿರುಪು ಬಿಗಿಯುವ ಮೊದಲು ಕಾಲೆತ್ತಿದರೆ ಹೋದ ಗಾಳಿ ತಿರುಗಿ ಒಳಗೆ. ಯಜಮಾನರು ಕೂತರು. "ಹಿಡೀರಿ!" ಎನ್ನುವಷ್ಟರಲ್ಲಿ ದಡ ದಡ ದಡ. ಇನ್ನೊಮ್ಮೆಯೂ ಅಷ್ಟೇ. ಜಹೀರುದ್ದೀನನ ಮುಖದ ತುಂಬ ಎಣ್ಣೆ.

"ಸಾವಕಾರ್ರ, ನೀವು ಹೋಗಿ ಚಾ ಕುಡದು ಬರ್ರಿ," ಎಂದ ಅವನು, ಮುಖ ಒರೆಸಿಕೊಳ್ಳುತ್ತ. "ಅಕ್ಕಾರು ತುಳೀಲಿ."

ತುಳಿದೆ. ಅವನು ಬಿಡ್ರಿ ಎನ್ನುವವರೆಗೆ ಕಾಲು ಅಲುಗಿಸಲಿಲ್ಲ. ಕೊನೆಯ ಗಾಲಿ ಮುಗಿದಾಗ ಪೆಡಲು ಕಲ್ಲಿನ ಹಾಗೆ ನಿಂತಿತು. ಯಜಮಾನರು ಚಹಾ ಕುಡಿದು ಬಂದು, ಏನೂ ಆಗದವರಂತೆ, ಎಡಗಡೆಯ ಬಾಗಿಲು ತೆರೆದು ಕೂತರು. ಆ ಕ್ಷಣ ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಪಂಚಮಿಯ ಮುನ್ನಾದಿನ ಶೇಂಗಾ ಉಂಡಿಯ ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟು ಹೊರಟೆ. ಹುಬ್ಬಳ್ಳಿ ದಾಟಿ, ಕಲಘಟಗಿಯ ಜಿಟಿಜಿಟಿ ಮಳೆಯಲ್ಲಿ ಹಾಯ್ದು, ದುಮ್ಮವಾಡದ ಮನೆಯ ಮುಂದೆ ಮೆಲ್ಲಗೆ ಒಮ್ಮೆ ತುಳಿದು ನಿಲ್ಲಿಸಿದೆ. ಹೊಳೆಪ್ಪ ಭಾವನಿಗೆ ಕೈಮುಗಿಯುತ್ತ ಬಲಗಡೆಯ ಬಾಗಿಲಿಗೆ ಓಡಿಬಂದ. ಒಳಗೆ ನನ್ನನ್ನು ಕಂಡು ಮುಗಿದ ಕೈ ಹಾಗೇ ಉಳಿಯಿತು.

ಅವ್ವ ಶಿವಗಂಗವ್ವ ಹೊರಗೆ ಬಂದಳು. ಕಾರಿನ ಸುತ್ತ ಒಂದು ಸುತ್ತು ಹಾಕಿದಳು.

"ಯಾರೂ ಕರೀಲಿಕ್ಕೆ ಬರದನ ಬಂದಿ?"

"ಬಂದೆ ಬೇ."

ಅವ್ವನ ತವರು ಅಲ್ಲೇ ಹತ್ತಿರದ ದೇವಿಕೊಪ್ಪ. ಅವಳ ಅಣ್ಣ ತೀರಿಕೊಂಡ ಮೇಲೆ ಅಲ್ಲಿಂದ ಯಾರೂ ಕರೆಯಲು ಬಂದಿರಲಿಲ್ಲ, ಅವಳು ಹೋಗಿಯೂ ಇರಲಿಲ್ಲ. ಅದನ್ನು ಕುರಿತು ಒಂದು ದಿನವೂ ಮಾತಾಡಿದವಳಲ್ಲ. ಈಗ ಅಳಿಯನ ತೊಡೆಯ ಮೇಲಿನ ಡಬ್ಬಿ ಎತ್ತಿಕೊಂಡು, "ನೀವು ಒಳಗ ನಡೀರಿ, ಹೊಳೆಪ್ಪ ಊಟಕ್ಕ ಹಾಕಸ್ತಾನ," ಎಂದಳು. ಅವರು ಇಳಿದ ಜಾಗದಲ್ಲಿ ತಾನು ಕೂತು, ಸೆರಗು ಒಳಗೆಳೆದುಕೊಂಡು ಬಾಗಿಲು ಹಾಕಿದಳು.

"ದೇವಿಕೊಪ್ಪಕ್ಕ ಹೊಡಿ, ಮಾದೇವಿ."

ನನಗೆ ನಗು ಬಂತು, ಕಣ್ಣೂ ತುಂಬಿ ಬಂತು. ಕಾರಿನಿಂದ ಇಳಿಯದೆಯೇ ಗೇರು ಹಾಕಿದೆ.