ಖಾನಾವಳಿಯ ಕರಿಹಲಗೆ

ನಾನು ಒಂದು ಕರಿಹಲಗೆ. ಹಾಗೆಂದ ಕೂಡಲೇ ನಿಮಗೆ ಶಾಲೆ, ಮಗ್ಗಿ, ಮಾಸ್ತರರ ಬೆತ್ತ ನೆನಪಾಗಬಹುದು. ನಾನು ಶಾಲೆಯ ಬಾಗಿಲನ್ನೇ ಕಂಡಿಲ್ಲ. ನನ್ನ ಮೈಮೇಲೆ ಮೊಟ್ಟಮೊದಲು ಬರೆದದ್ದು ಅ ಆ ಇ ಈ ಅಲ್ಲ, ಝುಣಕ.

ಗದಗಿನ ಪೇಟೆಯಲ್ಲಿ ಕಾಳುಕಡಿ ದಲಾಲಿಯ ಒಂದು ಅಡತಿ ಅಂಗಡಿಯ ಹಳೆಯ ಬಾಗಿಲು ಕಿತ್ತಾಗ, ಅದರ ಗಟ್ಟಿ ಹಲಗೆಗಳು ಬಡಿಗೇರ ಮೌನೇಶಪ್ಪನ ಪಾಲಿಗೆ ಬಂದವು. ಅವನು ನನ್ನನ್ನು ಹೆರೆದು ನಯ ಮಾಡಿ, ಸುತ್ತ ಚೌಕಟ್ಟು ಬಡಿದು, ಕರಿ ಬಣ್ಣ ಬಳಿದು ಬಿಸಿಲಿಗೆ ಒರಗಿಸಿದ. ಬಣ್ಣ ಒಣಗುವ ಮೊದಲೇ ಶಂಕ್ರವ್ವ ಬಂದು, ಒಣಗಿದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಣಗಿರಲಿಲ್ಲ. ತಪ್ಪು ಅವಳದು, ಬೈಗಳು ಮೌನೇಶಪ್ಪನಿಗೆ. ಆ ಹೆಬ್ಬೆರಳಿನ ಗುರುತು ನನ್ನ ಎಡ ಮೂಲೆಯಲ್ಲಿ ಇಂದಿಗೂ ಇದೆ.

ಶಂಕ್ರವ್ವ ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿದ ಮೇಲೆ ಒಲೆಯ ಮುಂದೆ ಕುಳಿತವಳು, ಮಗನನ್ನು ಓದಿಸಿದಳು, ಮಗಳ ಮದುವೆ ಮಾಡಿದಳು, ಊರಿಗೆ ಉಣಿಸಿದಳು. ದಿನಾ ಬೆಳಿಗ್ಗೆ ದುಂಡನೆಯ ದೊಡ್ಡ ಅಕ್ಷರಗಳಲ್ಲಿ ನನ್ನ ಮೇಲೆ ಅಂದಿನ ಅಡುಗೆ ಬರೆಯುತ್ತಿದ್ದಳು: ರೊಟ್ಟಿ, ಝುಣಕ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ. ಮಜ್ಜಿಗೆಯನ್ನು ಮಾತ್ರ ಬರೆಯುತ್ತಿರಲಿಲ್ಲ. ಅದರ ಕೊಡ ಬಾಗಿಲ ಬಳಿ ಇರುತ್ತಿತ್ತು, ಬೇಕಾದವರು ಬೇಕಾದಷ್ಟು ಬಗ್ಗಿಸಿಕೊಳ್ಳಬಹುದಿತ್ತು, ಕೇಳುವವರಿಲ್ಲ.

ಅವಳದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಊಟದ ನಡುವೆ ಯಾರೂ ಅಡುಗೆಯ ಗುಣದೋಷ ಎತ್ತುವಂತಿಲ್ಲ. ತಾಟು ಖಾಲಿ ಮಾಡಿ, ಕೈ ತೊಳೆದುಕೊಂಡು ಬಂದ ಮೇಲೆ ಏನು ಬೇಕಾದರೂ ಹೇಳಬಹುದು. ಹೊಗಳಿಕೆಗೆ ಅವಳು ಕಿವಿಗೊಡುತ್ತಿರಲಿಲ್ಲ. ಹೊಗಳುವವರು ಮರ್ಯಾದೆಗೂ ಹೊಗಳಿಯಾರು, ಮರ್ಯಾದೆಗೆಂದು ಯಾರೂ ಇನ್ನೊಂದು ರೊಟ್ಟಿ ಕೇಳುವುದಿಲ್ಲ ಎನ್ನುವುದು ಅವಳ ಲೆಕ್ಕ. 'ಇನ್ನೊಂದು ಬಡಸ್ರಿ' ಎಂಬ ದನಿ ಪಂಕ್ತಿಯಲ್ಲಿ ಎದ್ದರೆ ಸಾಕು, ಒಲೆಯ ಮುಂದೆ ಅವಳ ಮುಖ ಅರಳುತ್ತಿತ್ತು. ಯಾರಾದರೂ ನೋಡಿದರೆ ಕೂಡಲೇ ಗಂಟು ಹಾಕಿಕೊಳ್ಳುತ್ತಿದ್ದಳು.

ಆ ಮನೆಗೆ ಸೊಸೆಯಾಗಿ ಬಂದವಳು ಸುವರ್ಣಾ. ಓದಿದ ಹುಡುಗಿ, ತಗ್ಗಿದ ದನಿ, ರೊಟ್ಟಿ ಬಡಿಯಲು ಬಾರದ ಕೈ. ಅತ್ತೆಯ ಜೊತೆ ದಿನವೂ ಖಾನಾವಳಿಗೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಪಂಕ್ತಿ ತುಂಬಿದ ಹೊತ್ತಿನಲ್ಲಿ ಅವಳ ರೊಟ್ಟಿ ಹಂಚಿನ ಮೇಲೆ ಹರಿಯಿತು. ಶಂಕ್ರವ್ವ ಉಣ್ಣುವವರೆಲ್ಲರ ಎದುರಿಗೆ ಒಂದು ಮಾತು ಅಂದಳು. ಉಣ್ಣುತ್ತಿದ್ದವರು ತಾಟಿನಿಂದ ತಲೆ ಎತ್ತಲಿಲ್ಲ. ಸುವರ್ಣಾ ಹರಿದ ರೊಟ್ಟಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡಳು. ಆ ಮಾತನ್ನು ನಾನು ಇಲ್ಲಿ ಹೇಳುವುದಿಲ್ಲ. ಅದು ಈಗ ಬೇರೆ ಕಡೆ ಅಚ್ಚಾಗಿದೆ, ಬೇಕಾದವರು ಓದಿಕೊಳ್ಳಬಹುದು.

ವರ್ಷಗಳು ಕಳೆದವು. ಶಂಕ್ರವ್ವನ ಮಂಡಿಗಳು ಕೈಕೊಟ್ಟವು. ಡಾಕ್ಟರು ಒಲೆಯ ಮುಂದೆ ಕೂರಬಾರದೆಂದರು. ಖಾನಾವಳಿ ಮುಚ್ಚಿತು. ಹಂಡೆ, ಕೊಳಗ, ಹಂಚು ಒಂದೊಂದಾಗಿ ಹೊರಟುಹೋದವು. ನನ್ನನ್ನು ನೀರಿನ ಹೌದಿಗೆ ಮುಚ್ಚಳ ಮಾಡುವುದೆಂದು ಮಾತಾಯಿತು. ಅಷ್ಟರಲ್ಲಿ ಸುವರ್ಣಾ ಬಾಯಿ ತೆಗೆದಳು. ಅದೇ ಕಟ್ಟಡದ ಮಾಳಿಗೆಯ ಮೇಲೆ ಪೇಟೆಯ ವಾಚನಾಲಯವಿತ್ತು, ಅವಳಿಗೆ ಅಲ್ಲಿ ಪುಸ್ತಕ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಹೊಸ ಪುಸ್ತಕಗಳ ಹೆಸರು ಬರೆಯಲು ಈ ಹಲಗೆ ಕೊಡಿರೆಂದು ಕೇಳಿದಳು. ಒಯ್ಯಿ, ಆದರೆ ಅಡ್ಡಾದಿಡ್ಡಿ ಬರೆದು ನನ್ನ ಹಲಗೆಯ ಮಾನ ಕಳೆಯಬೇಡ ಎಂದಳು ಶಂಕ್ರವ್ವ. ಹೀಗೆ ನಾನು ಒಗ್ಗರಣೆಯ ವಾಸನೆ ಬಿಟ್ಟು ಪುಸ್ತಕದ ವಾಸನೆಗೆ ಬಂದೆ.

ಸುವರ್ಣಾ ನನ್ನ ಕೆಳಗೆ ಒಂದು ಸಣ್ಣ ಸ್ಟ್ಯಾಂಡ್ ಇಟ್ಟಳು. ಪ್ರತಿ ಸೋಮವಾರ ಅದರ ಮೇಲೆ ಒಂದು ಪುಸ್ತಕ ಕೂರುತ್ತಿತ್ತು. ಅದನ್ನು ಯಾರು ಬೇಕಾದರೂ ಒಯ್ಯಬಹುದು, ಹೆಸರು ಬರೆಸಬೇಕಿಲ್ಲ. ಖಾನಾವಳಿಯ ಮಜ್ಜಿಗೆಯ ಪದ್ಧತಿಯೇ ಮೇಲಕ್ಕೂ ಬಂದಿತ್ತು. ಓದಿದವರು ನನ್ನ ಮೇಲೆ ಸೀಮೆಸುಣ್ಣದಿಂದ ತಮ್ಮ ಅಭಿಪ್ರಾಯ ಬರೆಯಬೇಕು. ಮುಂದಿನ ಸೋಮವಾರ ಅದನ್ನೆಲ್ಲ ಒರೆಸಿ ಹೊಸ ಪುಸ್ತಕ ಇಡುವುದು ನಿಯಮ.

ಖಾನಾವಳಿಯಲ್ಲಿ ಉಂಡವರೇ ವಾಚನಾಲಯದಲ್ಲಿ ಓದುವವರು. ಹಾಗಾಗಿ ಅವರ ಅಭಿಪ್ರಾಯಗಳಿಗೂ ಊಟದ ರುಚಿ ಹತ್ತಿತ್ತು. ರಾಜಮನೆತನವೊಂದರ ದಪ್ಪ ಇತಿಹಾಸ ಓದಿದ ನಿವೃತ್ತ ಮಾಸ್ತರ ಕುಲಕರ್ಣಿಯವರು 'ಪೀಠಿಕೆಯೇ ಅರ್ಧ ಪುಸ್ತಕ. ಎಲೆ ಹಾಕಿ ಬರೀ ಉಪ್ಪಿನಕಾಯಿ ಬಡಿಸಿ ಕೂರಿಸಿದರು' ಎಂದು ಬರೆದರು. ಒಂದು ಕವನಸಂಕಲನಕ್ಕೆ ಯಾರೋ 'ಹಪ್ಪಳ. ಸದ್ದು ಬಹಳ, ಹೊಟ್ಟೆ ತುಂಬಲಿಲ್ಲ' ಎಂದು ಬರೆದರೆ, ಅದರ ಕೆಳಗೆ ಇನ್ನಾರದೋ ಸಣ್ಣ ಅಕ್ಷರ 'ನನಗೆ ತುಂಬಿತು' ಎಂದಿತು. ಸಕ್ಕರೆ ಕಾಯಿಲೆಯವರ ಪಥ್ಯದ ಪುಸ್ತಕಕ್ಕೆ ಬಂದದ್ದು ಒಂದೇ ಸಾಲು: 'ಓದಿ ಹಸಿವಾಯಿತು'. ಜೇನು ಸಾಕಣೆಯ ಪುಸ್ತಕಕ್ಕೆ, 'ಬರೆದವರಿಗೆ ಜೇನು ಕಡಿದಂತಿಲ್ಲ'. ಟೇಲರ್ ಮಕ್ತುಮಸಾಬ ಮಾತ್ರ ಪತ್ತೇದಾರಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಒಮ್ಮೆ ಅವನು ಓದಿ ಮೆಚ್ಚಿದ ಸಡಗರದಲ್ಲಿ ಕೊಲೆಗಾರನ ಹೆಸರನ್ನೇ ನನ್ನ ಮೇಲೆ ಬರೆದುಬಿಟ್ಟ. ಆ ವಾರ ಅವನ ಅಂಗಡಿಗೆ ಹೊಲಿಯಲು ಬಟ್ಟೆ ಕೊಡಬಾರದೆಂದು ಓದುಗರು ಮಾತಾಡಿಕೊಂಡರು.

ಇವರೆಲ್ಲರಿಗೂ ಹಿರಿಯಳು ಶಂಕ್ರವ್ವ. ಒಲೆ ಬಿಟ್ಟ ಮೇಲೆ ಅವಳಿಗೆ ಹೊತ್ತು ಹೋಗದಾಯಿತು. ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಕಿಟಕಿಯ ಬಳಿ ಕುಳಿತು, ಸಿಕ್ಕ ಪುಸ್ತಕವನ್ನೆಲ್ಲ ಓದತೊಡಗಿದಳು. ಬಂದ ವಾರದಲ್ಲೇ ನಿಯಮವನ್ನೂ ಹಾಕಿದಳು. ಓದುತ್ತಿರುವಾಗಲೇ ಬರೆಯುವಂತಿಲ್ಲ, ಪುಸ್ತಕ ತಿರುಗಿ ಬಂದು ಸ್ಟ್ಯಾಂಡಿನ ಮೇಲೆ ಕೂತ ಮೇಲೆಯೇ ಸೀಮೆಸುಣ್ಣ ಮುಟ್ಟಬೇಕು. ಕೈ ತೊಳೆದ ಮೇಲೆ ಮಾತು. ಅವಳ ಅಭಿಪ್ರಾಯಕ್ಕೆ ಎಲ್ಲರೂ ಹೆದರುತ್ತಿದ್ದರು. ಹಸಿ, ಸೀದೈತಿ, ನೀರಾಗೇತಿ, ಹೀಗೆ ಒಂದೊಂದೇ ಮಾತು ಬರೆಯುತ್ತಿದ್ದಳು. ತೀರ ಹಿಡಿಸಿದ ಪುಸ್ತಕಕ್ಕೆ 'ನಡೀತೈತಿ'. ಅದಕ್ಕಿಂತ ಮೇಲಕ್ಕೆ ಅವಳ ಸೀಮೆಸುಣ್ಣ ಎಂದೂ ಏರಿರಲಿಲ್ಲ.

ಮಧ್ಯಾಹ್ನ ವಾಚನಾಲಯಕ್ಕೆ ಬಿಡುವು. ಅತ್ತೆ ಮನೆಗೆ ಹೋಗಿ ಅಡ್ಡಾಗುವ ಆ ಹೊತ್ತಿನಲ್ಲಿ ಸುವರ್ಣಾ ಬಾಗಿಲು ಮುಂದೆ ಮಾಡಿಕೊಂಡು ಕುಳಿತು ಬರೆಯುತ್ತಿದ್ದಳು. ನಾನು ಗೋಡೆಯ ಮೇಲಿಂದ ಅವಳ ಬೆನ್ನನ್ನು ನೋಡುತ್ತಿದ್ದೆ. ಒಂದು ದಿನ ಅಚ್ಚುಕೂಟದಿಂದ ಪಾರ್ಸೆಲ್ ಬಂತು. ಅವಳು ಪುಸ್ತಕ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು, ಮಡಿಲಲ್ಲಿಟ್ಟುಕೊಂಡು ಕುಳಿತಳು. ಮುಖಪುಟದ ಮೇಲೆ ನೀಲಗಂಗಾ ಎಂಬ ಹೆಸರಿತ್ತು. ಆ ಹೆಸರಿನವರು ಊರಲ್ಲಿ ಯಾರೂ ಇರಲಿಲ್ಲ. ಒಳಗಿದ್ದ ಕಥೆ ಒಂದು ಖಾನಾವಳಿಯದು, ಅಲ್ಲೊಬ್ಬ ಬಿರುಸು ಮಾತಿನ ಅತ್ತೆ, ಮಾತಾಡದ ಸೊಸೆ.

ಬೇರೆ ಹೆಸರಿನ ಮರೆ ಯಾಕೆಂದು ನಿಮಗೆ ತಿಳಿದಿರಬೇಕು. ಅತ್ತೆ ಓದಿದರೆ ತನ್ನನ್ನು ಗುರುತು ಹಿಡಿಯದೆ ಇರುವುದಿಲ್ಲ. ಗುರುತು ಹಿಡಿದರೆ ಮನೆ ಎರಡಾಗುತ್ತದೆ. ಆದರೂ ಬರೆದವಳಿಗೆ ನಾಲ್ಕು ಜನ ಓದಿ ಏನೆನ್ನುತ್ತಾರೆ ಎಂಬ ಆಸೆ ಬಿಡಬೇಕಲ್ಲ. ಶಂಕ್ರವ್ವ ಮಗಳ ಊರು ಇಳಕಲ್ಲಿಗೆ ತಿಂಗಳ ಮಟ್ಟಿಗೆ ಹೋದದ್ದೇ ತಡ, ಸುವರ್ಣಾ ಆ ಸೋಮವಾರ ತನ್ನ ಪುಸ್ತಕವನ್ನು ಸ್ಟ್ಯಾಂಡಿನ ಮೇಲಿಟ್ಟಳು. ಅತ್ತೆ ಬರುವಷ್ಟರಲ್ಲಿ ನಾಲ್ಕು ಸಾಲು ಬಿದ್ದಿರುತ್ತವೆ, ಒರೆಸಿ, ಪುಸ್ತಕವನ್ನು ಹಿಂದಿನ ಕಪಾಟಿಗೆ ಸೇರಿಸಿದರಾಯಿತು ಎಂದು ಅವಳ ಎಣಿಕೆ.

ಗುರುವಾರ ಸುವರ್ಣಾ ಅಂಚೆ ಕಚೇರಿಗೆ ಹೋಗಿದ್ದಳು. ಮೆಟ್ಟಿಲ ಮೇಲೆ ಗೊತ್ತಿದ್ದ ಹೆಜ್ಜೆ ಕೇಳಿತು. ಮಗಳ ಮನೆಯಲ್ಲಿ ನಿದ್ದೆ ಹತ್ತದೆ ಶಂಕ್ರವ್ವ ಮೊದಲೇ ಹೊರಟು ಬಂದಿದ್ದಳು, ಮನೆಗೆ ಹೋಗುವ ಮೊದಲು ದಣಿವಾರಿಸಿಕೊಳ್ಳಲು ಮೇಲೆ ಬಂದಿದ್ದಳು. ಸ್ಟ್ಯಾಂಡಿನ ಮೇಲಿನ ಪುಸ್ತಕ ತೆರೆದು, ನಿಂತಲ್ಲೇ ಒಂದು ಪುಟ ಓದಿದಳು. ಇನ್ನೊಂದು ಪುಟ ಓದಿದಳು. ಆಮೇಲೆ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಇಳಿದು ಹೋದಳು. ನನಗೆ ಬಾಯಿ ಇದ್ದಿದ್ದರೆ ಕೂಗಿಬಿಡುತ್ತಿದ್ದೆ.

ಸುವರ್ಣಾ ಬಂದು ನೋಡಿದಳು, ಪುಸ್ತಕವಿಲ್ಲ. ಯಾರೋ ಓದುಗರು ಒಯ್ದರೆಂದು ಮೊದಲು ಖುಷಿಪಟ್ಟಳು. ಸಂಜೆ ಮನೆಗೆ ಹೋದಾಗ ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳಂತೆ. ಮರುದಿನದಿಂದ ಸುವರ್ಣಾಳ ಮುಖದಲ್ಲಿ ಕಳೆ ಇರಲಿಲ್ಲ. ಕುಲಕರ್ಣಿಯವರನ್ನು ಕೇಳಿದಳು, ಮಕ್ತುಮಸಾಬನನ್ನು ಕೇಳಿದಳು, ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲ. ಇತ್ತ ಶಂಕ್ರವ್ವ ವಾಚನಾಲಯದ ಕಡೆ ಸುಳಿಯಲಿಲ್ಲ. ಪುಸ್ತಕ ತಿರುಗಿ ಬರದೆ ಯಾರೂ ಬರೆಯುವಂತಿಲ್ಲವಾದ್ದರಿಂದ ನಾನು ಖಾಲಿ ಮೈಯಲ್ಲಿ ನೇತಾಡುತ್ತಿದ್ದೆ. ಸೋಮವಾರ ಬಂದರೂ ಸುವರ್ಣಾ ಸ್ಟ್ಯಾಂಡಿನ ಮೇಲೆ ಬೇರೆ ಪುಸ್ತಕ ಇಡಲಿಲ್ಲ.

ಒಂದು ದಿನ ಸುವರ್ಣಾ ತಡೆಯಲಾರದೆ ಮಕ್ತುಮಸಾಬನ ಮುಂದೆ ಅಂದಳು, "ಅತ್ತಿಯವರು ಮನ್ಯಾಗ ಯಾರ ಜೋಡಿನೂ ಮಾತಾಡವಲ್ಲರು ಅಣ್ಣಾರ. ಬೈಯವಲ್ಲರು ಸೈತ."

ಬೈಯುವುದು ನಿಂತರೆ ಒಳ್ಳೆಯದೇ ಅಲ್ಲವೇ ಎಂದು ಅವನು ನಕ್ಕ. ಅವಳು ನಗಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ಪುಸ್ತಕ ಎಲ್ಲಿದೆ ಎಂಬುದು ಹೊಳೆದಿತ್ತು. ಎರಡನೆಯ ಪುಸ್ತಕ ಅರ್ಧ ಬರೆದಾಗಿತ್ತು. ಆ ಹಾಳೆಗಳನ್ನು ದಾರದಿಂದ ಕಟ್ಟಿ, ಹಳೆಯ ಪತ್ರಿಕೆಗಳ ಕಟ್ಟಿನ ಅಡಿಗೆ ತಳ್ಳಿದಳು. ರದ್ದಿಯವನು ಬಂದಾಗ ಎಲ್ಲ ಒಟ್ಟಿಗೆ ಹೋಗಲಿ ಎಂದುಕೊಂಡಿರಬೇಕು. ಮಧ್ಯಾಹ್ನಗಳಲ್ಲಿ ಪೆನ್ನು ಮುಟ್ಟದೆ ಸುಮ್ಮನೆ ಕೂರುತ್ತಿದ್ದಳು. ನನಗೆ ಅವಳ ಬೆನ್ನಿನ ಬದಲು ಮುಖ ಕಾಣತೊಡಗಿತು, ಅದು ನನಗೆ ಬೇಡವಾಗಿತ್ತು.

ಅದರ ಮುಂದಿನ ಸೋಮವಾರ ಓದುಗರು ತುಂಬಿದ್ದ ಹೊತ್ತಿಗೆ ಶಂಕ್ರವ್ವ ಬಂದಳು. ಯಾರನ್ನೂ ನೋಡದೆ ನೇರ ನನ್ನ ಹತ್ತಿರ ನಡೆದು, ಚೀಲದಿಂದ ಪುಸ್ತಕ ತೆಗೆದು ಸ್ಟ್ಯಾಂಡಿನ ಮೇಲಿಟ್ಟಳು. ಸೀಮೆಸುಣ್ಣ ಎತ್ತಿಕೊಂಡಳು. ಸುವರ್ಣಾ ಮೇಜಿನ ಹಿಂದೆ ಎದ್ದು ನಿಂತವಳು ಕೂರಲು ಮರೆತಳು. ಖಾನಾವಳಿ ಮುಚ್ಚಿದ ಮೇಲೆ ಶಂಕ್ರವ್ವ ನನ್ನ ಮೇಲೆ ಒಂದಕ್ಕಿಂತ ಹೆಚ್ಚು ಮಾತು ಬರೆದದ್ದು ಅದೇ ಮೊದಲು:

'ಅತ್ತೆಗೆ ಖಾರ ಸಾಲದು. ಇನ್ನೊಂದು ಬಡಸ್ರಿ.'

ಕುಲಕರ್ಣಿಯವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಶಂಕ್ರವ್ವ ಒಂದು ಪುಸ್ತಕಕ್ಕೆ ಇನ್ನೊಂದು ಬಡಿಸಿರಿ ಎಂದದ್ದನ್ನು ಯಾರೂ ಕಂಡಿರಲಿಲ್ಲ. ಖಾರ ಸಾಲದು ಎಂದರೇನು ಎಂದು ಅವರು ಕೇಳಿದರು.

"ಖಾನಾವಳಿ ನಡಸೂ ಹೆಣಮಗಳು ಅಷ್ಟು ಮೆತ್ತಗ ಬೈತಾಳೇನ್ರೀ ಮಾಸ್ತರ್ರ? ನೀವು ನನ್ನ ಪಂಕ್ತ್ಯಾಗ ಉಂಡವರು, ನಿಮಗ ಗೊತ್ತಿಲ್ಲೇನು?" ಎಂದಳು ಶಂಕ್ರವ್ವ.

ಎಲ್ಲರೂ ನಕ್ಕರು. ಕುಲಕರ್ಣಿಯವರು ಪುಸ್ತಕ ಎತ್ತಿಕೊಂಡರು, ತನಗಿಂತ ಮೊದಲು ಅವರು ಒಯ್ಯುವಂತಿಲ್ಲವೆಂದು ಮಕ್ತುಮಸಾಬ ಪತ್ತೇದಾರಿಯಲ್ಲದ ಪುಸ್ತಕಕ್ಕೆ ಮೊದಲ ಬಾರಿಗೆ ತಕರಾರು ತೆಗೆದ. ಮಧ್ಯಾಹ್ನವಾಗಿ ಎಲ್ಲರೂ ಹೋದರು. ಅತ್ತೆ ಸೊಸೆ ಇಬ್ಬರೇ ಉಳಿದರು. ನಾನಿದ್ದೆ ಅನ್ನಿ, ನನ್ನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ.

"ರೊಟ್ಟಿ ಹರದಾಗ ನಾ ಏನಂದಿದ್ನಿ, ನೆನಪೈತೇನು?" ಶಂಕ್ರವ್ವ ಕಿಟಕಿಯಾಚೆ ನೋಡುತ್ತ ಕೇಳಿದಳು.

"ಐತ್ರಿ ಅತ್ತೀ."

"ಮತ್ತ ಅದನ್ಯಾಕ ಬರೀಲಿಲ್ಲ? ಅದರ ಜಾಗಾದಾಗ ಬ್ಯಾರೆ ಏನೋ ಸಪ್ಪನ ಮಾತು ಹಾಕೀದಿ."

ಸುವರ್ಣಾ ಸೆರಗಿನ ತುದಿ ಹಿಡಿದು ನಿಂತಿದ್ದಳು. "ನಿಮಗ ನೋವಾದೀತು ಅಂತ್ರೀ."

"ನನಗ ನೋವಾದೀತು ಅಂತ ನೀ ಉಪ್ಪು ಖಾರ ತಗದು ಬಡಸಿದ್ರ, ಉಣ್ಣವರೇನು ಮಾಡಬೇಕು? ಮುಂದಿನದ್ರಾಗ ಬರಿ. ಇದ್ದದ್ದು ಇದ್ದಂಗ ಬರಿ."

ತಪ್ಪಾಯಿತು ಎಂದು ಶಂಕ್ರವ್ವ ಹೇಳಲಿಲ್ಲ. ಹೇಳುವವಳೂ ಅಲ್ಲ. ಚೀಲ ಎತ್ತಿಕೊಂಡು, ಗೋಡೆ ಹಿಡಿದು, ಮೆಟ್ಟಿಲು ಇಳಿದು ಹೋದಳು. ಸುವರ್ಣಾ ನನ್ನ ಕೆಳಗೆ ನೆಲದ ಮೇಲೆಯೇ ಕುಳಿತುಬಿಟ್ಟಳು. ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದು, ಹಳೆಯ ಪತ್ರಿಕೆಗಳ ಅಡಿಯಿಂದ ದಾರ ಕಟ್ಟಿದ ಹಾಳೆಗಳನ್ನು ಎಳೆದು ಬಿಚ್ಚಿದಳು. ನನ್ನ ಮೈಯ ಮೇಲಿನ ಭಾರವೆಲ್ಲ ಇಳಿದಂತಾಯಿತು. ಮುಂದಿನ ಸೋಮವಾರ ನಿಯಮದಂತೆ ಅವಳೇ ಅತ್ತೆಯ ಸಾಲನ್ನು ಒರೆಸಿದಳು.

ಎರಡನೆಯ ಪುಸ್ತಕ ಬಂತು, ಸ್ವಂತ ಹೆಸರಿನಲ್ಲಿ. ರೊಟ್ಟಿ ಹರಿದ ದಿನದ ಆ ಮಾತು ಅದರಲ್ಲಿ ಇದ್ದದ್ದು ಇದ್ದ ಹಾಗೆ ಅಚ್ಚಾಗಿದೆ. ಅದನ್ನು ಓದಿದವರು ಶಂಕ್ರವ್ವನನ್ನು ಪೇಟೆಯಲ್ಲಿ ನಿಲ್ಲಿಸಿ, ನಿಜವಾಗಿ ಹಾಗೆ ಅಂದಿದ್ದಿರಾ ಎಂದು ಕೇಳುತ್ತಾರಂತೆ. ಹೌದೆಂದು ಅವಳು ಸೆಟೆದು ಹೇಳುತ್ತಾಳಂತೆ.

ನನಗೂ ವಯಸ್ಸಾಯಿತು. ಬಣ್ಣ ಚಕ್ಕೆಯೇಳಿ, ಸೀಮೆಸುಣ್ಣ ಜಾರತೊಡಗಿತು. ವಾಚನಾಲಯಕ್ಕೆ ಬಿಳಿ ಹಲಗೆ ಬಂತು, ಪೆನ್ನಿನಿಂದ ಬರೆಯುವಂಥದ್ದು. ಈ ಸಲವೂ ನಾನು ಹೌದಿನ ಮುಚ್ಚಳವಾಗಲಿಲ್ಲ. ಸುವರ್ಣಾ ನನ್ನನ್ನು ಮನೆಗೆ ತಂದು ಅಡುಗೆಮನೆಯ ಮೂಲೆಗೆ ಒರಗಿಸಿದ್ದಾಳೆ. ಎಷ್ಟೋ ಪುಸ್ತಕಗಳ ಬಗ್ಗೆ ಎಷ್ಟೋ ಜನ ನನ್ನ ಮೇಲೆ ಬರೆದರು, ಎಲ್ಲವೂ ಪುಡಿಯಾಗಿ ಉದುರಿತು. ಯಾವುದೂ ಉಳಿಯದೆ ಇದ್ದದ್ದಕ್ಕೆ ನನಗೆ ಬೇಸರವಿಲ್ಲ. ಉಂಡ ಅನ್ನ ತಾಟಿನಲ್ಲಿ ಉಳಿಯಬೇಕಾಗಿಲ್ಲ, ಉಂಡವರಲ್ಲಿ ಉಳಿದರೆ ಸಾಕು.

ಮಂಡಿ ಒಂದಿಷ್ಟು ಮಾತು ಕೇಳಿದ ದಿನ ಶಂಕ್ರವ್ವ ತಾನೇ ಒಲೆ ಹಚ್ಚುತ್ತಾಳೆ. ಮೊನ್ನೆ ಅಂಥದೊಂದು ದಿನ. ಅದೇ ದುಂಡನೆಯ ಅಕ್ಷರಗಳಲ್ಲಿ ನನ್ನ ಮೇಲೆ 'ಎಣ್ಣೆಗಾಯಿ' ಎಂದು ಬರೆದಳು. ವಾಚನಾಲಯದಿಂದ ಬಂದ ಸುವರ್ಣಾ ಉಂಡಳು, ತಾಟು ಖಾಲಿ ಮಾಡಿದಳು, ಎದ್ದು ಹೋಗಿ ಕೈ ತೊಳೆದುಕೊಂಡಳು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ಅದರ ಕೆಳಗೆ ಬರೆದಳು: 'ಖಾರ ಸಾಲದು.'

ಶಂಕ್ರವ್ವ ಅದನ್ನು ಓದಿದಳು. ಮುಖ ಗಂಟು ಹಾಕಿಕೊಳ್ಳಲು ನೋಡಿದಳು, ಈ ಸಲ ಆಗಲಿಲ್ಲ. ಸೊಸೆಯನ್ನು ಮತ್ತೆ ಕೂರಿಸಿ, ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಪಕ್ಕದಲ್ಲಿ ಒಂದು ಚಮಚ ಕೆಂಪು ಚಟ್ನಿ ಬಡಿಸಿದಳು.