ಕಾಣೆಯಾದ ನಲವತ್ತೇಳನೆಯ ಪುಟ

ಶ್ರಾವಣದ ಕಡೆಯ ಸೋಮವಾರದ ಆ ಮುಂಜಾವು ಕುಬಿಹಾಳದ ಎರೆಭೂಮಿಯ ಮೇಲೆ ಜಿನುಗುಮಳೆಯಾಗಿ ಇಳಿದಿತ್ತು. ಸುರಿಯದೆ, ನಿಲ್ಲದೆ, ಕಣ್ಣಂಚಿನಲ್ಲೇ ತಡೆದ ಅಳುವಿನಂತೆ... ಬಿಡಿಸಲು ಬಂದ ಹೆಸರಿನ ಕಾಯಿಗಳು ಕರ್ರಗೆ ತೊಯ್ದು ತೂಗುತ್ತಿದ್ದವು. ಮೇಘಮಾಲೆಯ ಸಂದಿನಿಂದ ಜಾರಿದ ಒಂದೇ ಒಂದು ಬೆಳಕಿನ ಎಳೆ ಹೊಲದ ಬದುಗಳನ್ನು ಸವರಿ, ಊರು ಹೊಕ್ಕು, ಶಿವಗಂಗವ್ವನ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿ, ಅವಳ ತೊಡೆಯ ಮೇಲಿನ ಪುಸ್ತಕದ ಮೇಲೆ ಬಿದ್ದಿತ್ತು. ಸಹೃದಯರೇ, ನಲವತ್ತೆರಡರ ಪ್ರಾಯದಲ್ಲಿ ಅಕ್ಷರದ ನಂಟು ಬೆಳೆಸಿದ ಹೆಣ್ಣಿಗೆ ಅದೆಂಥ ಬೆಳಕು!

ಅಂದು ಮಠದಲ್ಲಿ ಊರ ಮುಂದೆ ಅವಳ ಓದು. ಹೆಂಗಸರಿಗೆ ಓದು ಕಲಿಸುವ ಭಾಗ್ಯಾ ಅವಳಿಗೆ ಒಪ್ಪಿಸಿದ್ದು, ಅಕ್ಷರ ಕಲಿಯಲು ಹೊಸ್ತಿಲು ದಾಟಿದ ಶರಣೆಯೊಬ್ಬಳ ಕಥೆ. ಕಥೆಯ ಹೆಸರು ಕೇಳಿಯೇ ಶಿವಗಂಗವ್ವನ ಎದೆ ಝಲ್ಲೆಂದಿತ್ತು. ಇಪ್ಪತ್ತು ವರ್ಷದಿಂದ ಅವಳು ರೊಟ್ಟಿ ಬಡಿಯುವಾಗ ಗಂಡ ಕುಬೇರಪ್ಪ ಬಾಗಿಲಲ್ಲಿ ಕುಳಿತು ಶರಣರ ಕಥೆಗಳ ಈ ಪುಸ್ತಕವನ್ನು ಓದಿ ಹೇಳುತ್ತಿದ್ದ. ಆ ದನಿಯೇ ಅವರ ದಾಂಪತ್ಯದ ಬೆಳದಿಂಗಳಾಗಿತ್ತು. ಹನ್ನೊಂದು ವರ್ಷದ ಕೆಳಗೆ, ಅವಳು ಮೊದಲ ಬಾರಿ ಪಾಟಿ ಹಿಡಿದು ನಾಲ್ಕು ಸಂಜೆ ಕಲಿಯಲು ಹೋದಾಗ, ಐದನೆಯ ಸಂಜೆ ಅವನು ಓದಿ ಹೇಳಿದ್ದು ಇದೇ ಕಥೆ. ಹೊಸ್ತಿಲು ದಾಟಿದ ತಾಯಿಯ ಕೂಸು ಜ್ವರದಿಂದ ತೊಟ್ಟಿಲಲ್ಲೇ ಕಣ್ಣು ಮುಚ್ಚಿತಂತೆ! ಆ ವಾರ ಮಗಳು ಶೈಲಾಳ ಮೈ ಕೆಂಡವಾಗಿತ್ತು. ಪಾಟಿ ಅಟ್ಟ ಸೇರಿತು; ಮಗಳ ಜ್ವರ ಇಳಿದರೂ ಅದು ವರ್ಷಗಟ್ಟಲೆ ಕೆಳಗಿಳಿಯಲಿಲ್ಲ.

ಈಗ ಬೆರಳಿಟ್ಟು ಓದುತ್ತ ನಲವತ್ತಾರನೆಯ ಪುಟ ಮುಗಿಸಿ ಕಣ್ಣು ಹೊರಳಿಸಿದರೆ, ಎದುರಿಗೆ ನಲವತ್ತೊಂಬತ್ತು. ನಡುವಿನ ಹಾಳೆಯೇ ಇಲ್ಲ. ಬುಡದಲ್ಲಿ ಹರಿದ ಅಂಚು ಮರದ ಹೊಸ ಗಾಯದಂತೆ ಬೆಳ್ಳಗಿತ್ತು. ನಲವತ್ತೊಂಬತ್ತರ ಮೊದಲ ಸಾಲು: ‘...ಓದು ಕಲಿತು ಮರಳಿದ ತಾಯಿಯ ತೆಕ್ಕೆಗೆ ಕೂಸು ನಗುತ್ತ ಓಡಿ ಬಂದಿತು.’

ಮೂರು ಸಲ ಓದಿದಳು. ನಗುತ್ತ... ಓಡಿ ಬಂದಿತು! ಮೃಗಶಿರೆಯ ಸಿಡಿಲು ಒಣಮರಕ್ಕೆ ಬಡಿದಂತೆ ಹನ್ನೊಂದು ವರ್ಷದ ಅಂಜಿಕೆ ಭಗ್ಗನೆ ಹೊತ್ತಿ ಸಿಟ್ಟಾಯಿತು. ಮಠಕ್ಕೆ ಹೊರಟು ಹೆಗಲ ಮೇಲೆ ವಲ್ಲಿ ಹಾಕಿಕೊಳ್ಳುತ್ತಿದ್ದ ಗಂಡನ ಮುಂದೆ ಪುಸ್ತಕ ಹಿಡಿದು ನಿಂತಳು.

“ಈ ಹಾಳಿ ಎಲ್ಲೈತ್ರಿ?”

“ಇಲಿ ತಿಂದಿರಬೇಕು, ಬಿಡು.”

“ನಮ್ಮ ಮನಿ ಇಲಿಗೆ ಓದಾಕ ಬರತೈತೇನ್ರಿ? ಬೇಕಾದ ಹಾಳಿನ ಹುಡುಕಿ ತಿಂತೈತಿ.”

ಕುಬೇರಪ್ಪ ನೆಲ ನೋಡಿದ. ಅವಳು ತಲೆಬರಹಗಳನ್ನು ಕೂಡಿಸಿ ಓದತೊಡಗಿದ ವಾರವೇ, ಕೂಸು ಬದುಕಿದ ಕಥೆಯಿದ್ದ ಆ ಹಾಳೆಯನ್ನು ತಾನು ಕಿತ್ತಿದ್ದನ್ನು ತಡವರಿಸುತ್ತ ಒಪ್ಪಿಕೊಂಡ.

“ಹೊಲಾ ಕಸಗೊಂಡಿದ್ರ ಸುಮ್ನಿರತಿದ್ದೆ,” ಎಂದಳು; ದನಿ ಏರಲಿಲ್ಲ, ಕಾಯ್ದ ಹಂಚಿನಂತಿತ್ತು. “ದೇವರ ಹೆಸರು ಹೇಳಿ, ಕೂಸಿನ ಜೀವಾ ತೋರಿಸಿ ಅಂಜಿಸಿದ್ರಿ. ಹನ್ನೊಂದ ವರ್ಷ.”

“ನೀ ಓದಾಕ ಕಲತ್ರ, ನನ್ನ ದನಿ ನಿನಗ ಯಾಕ ಬೇಕಾದೀತು ಅನಿಸ್ತು.”

“ಬೇಕಿತ್ತರಿ. ಖರೇ ಹೇಳೂ ದನಿ ಬೇಕಿತ್ತು. ಇವತ್ತ ಆ ಹಾಳಿ ಇಲ್ಲದ ನಾ ಮಠಕ್ಕ ಬರಾಂಗಿಲ್ಲ. ನೀವು ಹೇಳಿದ ಸುಳ್ಳ ನನ್ನ ಬಾಯಿಲೆ ಊರಿಗೆ ಹೇಳಾಂಗಿಲ್ಲ.”

ಹೊರಗೆ ಮಳೆ ಜಿನುಗುತ್ತಲೇ ಇತ್ತು. ಇನ್ನೊಬ್ಬರ ಕಣ್ಣು ಮುಚ್ಚಿಟ್ಟು ಬೆಳೆದ ಪ್ರೀತಿ, ಆ ಕಣ್ಣು ತೆರೆದ ದಿನ ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕು? ಒಲಿದವರನ್ನು ಕಳೆದುಕೊಳ್ಳುವ ಭಯದಿಂದಲೇ ಮನುಷ್ಯ ಅವರ ಪಾಲಿನ ಬೆಳಕನ್ನು ಕದಿಯುತ್ತಾನೆ. ಕದ್ದ ಬೆಳಕು ಅವನ ಕೈಯನ್ನೇ ಸುಡುತ್ತಿರುತ್ತದೆ... ಕ್ಷಮೆ ಬೇಡುವ ಮೊದಲು ಅದನ್ನು ಮರಳಿಸಬೇಕೆಂಬುದು ಅವನಿಗೆ ತಡವಾಗಿಯಾದರೂ ಹೊಳೆಯುತ್ತದಲ್ಲ, ಅಷ್ಟೇ ಶಿವಕೃಪೆ.

ಕುಬೇರಪ್ಪ ದೇವರ ಕೋಣೆಗೆ ಹೋದ. ಶಿವನ ಹೆಸರಿದ್ದ ಹಾಳೆಯನ್ನು ಒಲೆಗೆ ಹಾಕುವ ಧೈರ್ಯ ಅವನಿಗಿರಲಿಲ್ಲ. ದೇವರ ಜಗಲಿಗೆ ಹಾಸಿದ ವಸ್ತ್ರದ ಅಡಿಯಿಂದ ಅದನ್ನು ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ನೇರ ಮಾಡಿ, ಹೆಂಡತಿಯ ಕೈಗೆ ಕೊಟ್ಟ.